ಧ್ರುವದ ಕಡಲ ತಳಕ್ಕೆ ಇಳಿದ ನಮ್ಮ ಹೊಗೆ

1751ರಲ್ಲಿ ಗುಲಾಮರನ್ನು ಸಾಗಿಸುವ ಬ್ರಿಟಿಷ್ ಹಡಗೊಂದರ ಕ್ಯಾಪ್ಟನ್ ಹೆನ್ರಿ ಎಲ್ಲಿಸ್, ಬೆಚ್ಚಗಿನ ಅಟ್ಲಾಂಟಿಕ್ ಸಾಗರದಲ್ಲಿ ಮುಚ್ಚಳವಿದ್ದ ಬಕೆಟ್ಟೊಂದನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟ. ಒಂದೂವರೆ ಕಿಲೋಮೀಟರಿಗೂ ಜಾಸ್ತಿ ಆಳದಿಂದ ಬಂದ ನೀರು ತಣ್ಣಗಿತ್ತು. ಸ್ನಾನಕ್ಕೂ ವೈನ್ ತಂಪು ಮಾಡಲಿಕ್ಕೂ ಅದನ್ನೇ ಬಳಸಿಕೊಂಡ. ಅಷ್ಟು ತಣ್ಣೀರು ಅಲ್ಲಿಗೆ ಬಂದಿದ್ದು ಹೇಗೆ? 1790ರ ದಶಕದ ಕೊನೆಗೆ ವಿಜ್ಞಾನಿ ಕೌಂಟ್ ರಮ್‌ಫೋರ್ಡ್ ಸರಿಯಾದ ಉತ್ತರ ಹೇಳಿದ. ಧ್ರುವದ ಹತ್ತಿರ ತಣ್ಣಗಾದ ನೀರು ಭಾರವಾಗಿ ಮುಳುಗುತ್ತದೆ, ತಳದಲ್ಲೇ ಹರಿದು ದೂರ ಹೋಗುತ್ತದೆ.

ಇವತ್ತು ಆ ನೀರಿನ ಜೊತೆ ನಮ್ಮ ಕಾರ್ಬನ್ ಡೈಆಕ್ಸೈಡ್ ಕೂಡ ಇಳಿಯುತ್ತಿದೆ.

ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರವನ್ನೇ ನೋಡಿ. ನೆಲದ ಕಡೆಯಿಂದ ಬೀಸುವ ಗಾಳಿ ಹೊಸ ಮಂಜುಗಡ್ಡೆಯನ್ನು ತಳ್ಳುತ್ತಲೇ ಇರುತ್ತದೆ. ತೆರೆದ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ಉಪ್ಪು ಹೊರಗೆ ಉಳಿಯುತ್ತದೆ. ಹೀಗೆ ಉಪ್ಪೂ ಚಳಿಯೂ ಸೇರಿ ಭಾರವಾದ ನೀರು ಇಳಿಜಾರಿನಲ್ಲಿ ಜಾರಿ, 4,000 ಮೀಟರಿಗೂ ಕೆಳಗೆ ಹೋಗುತ್ತದೆ. ಅದು ಮತ್ತೆ ಗಾಳಿ ಕಾಣಲು ನೂರಾರು ವರ್ಷ ಬೇಕು.

ಈ ಮುಳುಗುವಿಕೆ ಇಷ್ಟು ಮುಖ್ಯ ಯಾಕೆ ಅನ್ನುವುದು 1957ರಲ್ಲಿ ಸ್ಪಷ್ಟವಾಗತೊಡಗಿತು. ಅಲ್ಲಿಯವರೆಗೆ ಸಮುದ್ರ ಎಲ್ಲ ಹೊಗೆಯನ್ನೂ ಸುಮ್ನೆ ನುಂಗಿಬಿಡುತ್ತದೆ ಎಂದೇ ಹೆಚ್ಚಿನವರು ನಂಬಿದ್ದರು. ಸಮುದ್ರದ ಮೇಲ್ಪದರ ಹೊಸ ಕಾರ್ಬನ್ನಿಗೆ ಅಷ್ಟು ಸುಲಭವಾಗಿ ಜಾಗ ಕೊಡುವುದಿಲ್ಲ ಎಂದು ವಿಜ್ಞಾನಿಗಳಾದ ರೋಜರ್ ರೆವೆಲ್ ಮತ್ತು ಹಾನ್ಸ್ ಸ್ಯೂಸ್ ಬರೆದರು. ಅಂದಮೇಲೆ ಮೇಲಿನ ನೀರು ಕೆಳಗಿಳಿದರೆ ತಾನೆ ಉಳಿದದ್ದಕ್ಕೆ ಜಾಗ?

ಆದರೆ ಕೆಳಗಿಳಿದದ್ದರಲ್ಲಿ ನಮ್ಮದೆಷ್ಟು? ಗಾಳಿಯಲ್ಲಿರುವುದಕ್ಕಿಂತ 40 ಪಟ್ಟಿಗೂ ಜಾಸ್ತಿ ಕಾರ್ಬನ್ ಸಮುದ್ರದಲ್ಲಿ ಮೊದಲೇ ಇದೆ. ಅದರಲ್ಲಿ ನಮ್ಮ ಪಾಲು ಹುಡುಕುವುದು ಸಣ್ಣ ಕೆಲಸವಲ್ಲ. ಹಡಗಿನಿಂದ 24 ಅಥವಾ 36 ಬಾಟಲಿಗಳ ಚೌಕಟ್ಟನ್ನು ಕೆಳಗಿಳಿಸುತ್ತಾರೆ. ಒಂದೊಂದು ಆಳದಲ್ಲಿ ಒಂದೊಂದನ್ನು ಮುಚ್ಚುತ್ತಾರೆ. ಮೇಲೆ ಬಂದ ಮೇಲೆ ನೀರನ್ನು ಒಂದು ಗುಳ್ಳೆಯೂ ಏಳದ ಹಾಗೆ ಗಾಜಿನ ಬಾಟಲಿಗೆ ತುಂಬಿಸುತ್ತಾರೆ. ಸೂಕ್ಷ್ಮಜೀವಿಗಳು ಲೆಕ್ಕ ಕೆಡಿಸದಿರಲಿ ಅಂತ ಸ್ವಲ್ಪ ಪಾದರಸದ ವಿಷ ಬೆರೆಸುತ್ತಾರೆ. ಆ ತಾಳ್ಮೆಗೆ ನನ್ನ ದೊಡ್ಡ ನಮಸ್ಕಾರ.

ಸುಳಿವು ಕೊಟ್ಟಿದ್ದು ನಮ್ಮದೇ ಬೇರೆ ಕಸ. ಅಣುಬಾಂಬ್ ಪರೀಕ್ಷೆಗಳ ಟ್ರಿಟಿಯಮ್ (ವಿಕಿರಣ ಸೂಸುವ ಹೈಡ್ರೋಜನ್) ಉತ್ತರ ಅಟ್ಲಾಂಟಿಕ್‌ನ ಆಳದಲ್ಲಿ 1970ರ ದಶಕದಲ್ಲೇ ಸಿಕ್ಕಿತು. ಫ್ರಿಜ್‌ಗಳ ಸಿಎಫ್‌ಸಿ ಅನಿಲ ಆಮೇಲೆ ವೆಡೆಲ್ ಸಮುದ್ರದ ತಳದಲ್ಲೂ ಕಂಡಿತು. ಅವು ಇಳಿದಿವೆ ಎಂದರೆ ಆ ನೀರು ಇತ್ತೀಚೆಗಷ್ಟೇ ಗಾಳಿಯನ್ನು ಮುಟ್ಟಿ ಬಂದಿದೆ. ಕೊಳೆತ ಜೀವಿಗಳಿಂದ, ಕರಗಿದ ಚಿಪ್ಪುಗಳಿಂದ ಬಂದ ಕಾರ್ಬನ್ನನ್ನು ಕಳೆದು ನಮ್ಮ ಪಾಲನ್ನು ಬೇರ್ಪಡಿಸುವ ದಾರಿಗಳು 1970ರ ದಶಕದ ಕೊನೆಗೆ ಬಂದವು. 1996ರಲ್ಲಿ ನಿಕೋಲಸ್ ಗ್ರೂಬರ್ ಮತ್ತು ಜೊತೆಗಾರರು ಅದನ್ನು ಇನ್ನಷ್ಟು ತಿದ್ದಿದರು.

2004ರಲ್ಲಿ ಮೊದಲ ಜಾಗತಿಕ ಲೆಕ್ಕ ಸಿಕ್ಕಿತು. 1800ರಿಂದ 1994ರವರೆಗೆ ಸಮುದ್ರ ಸೇರಿದ ನಮ್ಮ ಕಾರ್ಬನ್ ಸುಮಾರು 118 ಶತಕೋಟಿ ಟನ್. ನನಗೆ ಜಾಸ್ತಿ ಚುಚ್ಚಿದ್ದು ಇನ್ನೊಂದು ಸಂಖ್ಯೆ. ಇದರಲ್ಲಿ 1,500 ಮೀಟರಿಗಿಂತ ಕೆಳಗೆ ತಲುಪಿದ್ದು ಶೇ. 7ರಷ್ಟು ಮಾತ್ರ. ಅರ್ಧದಷ್ಟು ಮೇಲಿನ 400 ಮೀಟರಿನಲ್ಲೇ ಇತ್ತು. ಉಗ್ರಾಣ ದೊಡ್ಡದು, ಬಾಗಿಲು ಮಾತ್ರ ಕಿರಿದು. ಅಂಟಾರ್ಕ್ಟಿಕಾದಲ್ಲಂತೂ ಮೇಲಕ್ಕೆ ಬರುವ ನೀರು ಕಾರ್ಖಾನೆಗಳ ಕಾಲಕ್ಕೂ ಹಿಂದಿನದು. ಮಂಜಿನ ಹೊದಿಕೆಯ ಕೆಳಗೆ ಅದು ಗಾಳಿಯಿಂದ ತನಗೆ ಹಿಡಿಸುವಷ್ಟು ಅನಿಲ ಹೀರಿಕೊಳ್ಳುವ ಮೊದಲೇ ಮತ್ತೆ ಮುಳುಗಿಬಿಡುತ್ತದೆ.

ಆ ಬಾಗಿಲೂ ಈಗ ಬದಲಾಗುತ್ತಿದೆ. ವೆಡೆಲ್ ಸಮುದ್ರದ ಅತಿ ಭಾರದ ತಳನೀರು 1992ರಿಂದೀಚೆಗೆ ಸುಮಾರು ಶೇ. 30ರಷ್ಟು ಕಡಿಮೆಯಾಗಿದೆ ಎಂದು 2023ರಲ್ಲಿ ಗೊತ್ತಾಯಿತು. ದಕ್ಷಿಣ ಸಾಗರದ ಮೇಲ್ಪದರದಲ್ಲಿ ಸಿಹಿನೀರು ಹೆಚ್ಚಾಗಿ, ಕೊಳೆತ ಜೀವಿಗಳ ಕಾರ್ಬನ್ ತುಂಬಿದ ಹಳೆಯ ನೀರಿಗೆ ಸದ್ಯಕ್ಕೆ ಮುಚ್ಚಳ ಹಾಕಿದ ಹಾಗಾಗಿದೆ. ಆದರೆ ಆ ಹಳೆಯ ನೀರಿನ ಮೇಲಂಚು 1990ರ ದಶಕದಿಂದ ಸುಮಾರು 40 ಮೀಟರ್ ಮೇಲೆ ಬಂದಿದೆ. ಗಾಳಿ ಜೋರಾಗಿ ಕಲಕಿದರೆ ಅದರಲ್ಲಿರುವ ಕಾರ್ಬನ್ ಹೊರಬರಲು ಈಗ ಮೊದಲಿಗಿಂತ ಕಡಿಮೆ ದೂರ ಸಾಕು.