ಸುಮ್ನೆ ಸುತ್ತುವ ಸ್ಕ್ರೂ

ಟ್ರಾವೆಲ್ ಟ್ರೇಲರ್ ಅಂದರೆ ಗಾಡಿಯ ಹಿಂದೆ ಕಟ್ಟಿಕೊಂಡು ಎಳೆಯುವ ಪುಟ್ಟ ಮನೆ. ಅದರ ಬಾಗಿಲಿನ ಮೇಲ್ಗಡೆ ಸುರುಳಿ ಸುತ್ತಿಟ್ಟ ಬಟ್ಟೆಯೊಂದು ಇರುತ್ತದೆ. ಎಲ್ಲಾದರೂ ನಿಂತಾಗ ಅದನ್ನು ಎಳೆದು ಹರಡಿದರೆ ಜಗಲಿಯಷ್ಟು ನೆರಳು ಸಿಗುತ್ತದೆ. ಇದೇ ಆನಿಂಗ್. ಎರಡು ಕಡೆ ಒಂದೊಂದು ಅಲ್ಯೂಮಿನಿಯಂ ತೋಳು ಅದನ್ನು ಹೊತ್ತಿರುತ್ತದೆ. ಆ ತೋಳಿನ ಬುಡವನ್ನು ಗೋಡೆಗೆ ಹಿಡಿದಿಡುವುದು ಒಂದು ಚಿಕ್ಕ ಬ್ರಾಕೆಟ್ ಮತ್ತು ಎರಡೋ ಮೂರೋ ಸ್ಕ್ರೂ. ಅಷ್ಟೇ.

ಅಂಥದೊಂದು ಬ್ರಾಕೆಟ್ಟನ್ನು ನಾನು ಮೂರು ಸಲ ಬಿಗಿ ಮಾಡಿದ್ದೇನೆ. ಮೊದಲ ಸಲ ಸ್ಕ್ರೂ ಅರ್ಧ ಸುತ್ತು ತಿರುಗಿ ಗಟ್ಟಿಯಾಗಿ ನಿಂತಿತು. ಎರಡನೇ ಸಲ ಎರಡು ಮೂರು ಸುತ್ತು ತಿರುಗಿ, ನಿಂತ ಹಾಗೆ ಮಾಡಿತು. ಮೂರನೇ ಸಲ ನಿಲ್ಲಲೇ ಇಲ್ಲ, ಸುಮ್ನೆ ಸುತ್ತುತ್ತಲೇ ಇತ್ತು. ಬಿಚ್ಚಿ ನೋಡಿದರೆ ಸ್ಕ್ರೂ ಹೊಸದರಂತೆಯೇ ಇತ್ತು. ಕೆಟ್ಟಿದ್ದು ಸ್ಕ್ರೂ ಅಲ್ಲ, ಅದು ಕೂತಿದ್ದ ತೂತು. ಮೂರು ಸಲವೂ ನಾನು ಆರೋಗ್ಯವಾಗಿದ್ದವನಿಗೇ ಮದ್ದು ಕೊಟ್ಟಿದ್ದೆ.

ಸ್ಕ್ರೂ ಹೇಗೆ ಹಿಡಿಯುತ್ತದೆ ಅನ್ನುವುದನ್ನು ನಾವು ಸ್ವಲ್ಪ ತಪ್ಪಾಗಿ ಊಹಿಸಿಕೊಂಡಿರುತ್ತೇವೆ. ಗೂಟಕ್ಕೆ ಚೀಲ ನೇತುಹಾಕಿದ ಹಾಗೆ ಬ್ರಾಕೆಟ್ ಸ್ಕ್ರೂ ಮೇಲೆ ನೇತಾಡುತ್ತಿದೆ ಅಂದುಕೊಳ್ಳುತ್ತೇವೆ. ಬಿಗಿಯಾಗಿರುವಾಗ ನಡೆಯುವುದು ಬೇರೆ. ಬಿಗಿ ಮಾಡುತ್ತಾ ಹೋದಂತೆ ಸ್ಕ್ರೂ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಸ್ಪ್ರಿಂಗಿನ ಹಾಗೆ ಬ್ರಾಕೆಟ್ಟನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಬ್ರಾಕೆಟ್ಟಿಗೂ ಗೋಡೆಗೂ ನಡುವೆ ತಿಕ್ಕಾಟ, ಅಂದರೆ ಘರ್ಷಣೆ, ಹುಟ್ಟುತ್ತದೆ. ತೋಳಿನ ಭಾರ ಬ್ರಾಕೆಟ್ಟನ್ನು ಅತ್ತಿತ್ತ ಜಾರಿಸದಂತೆ ತಡೆಯುವುದು ಮುಖ್ಯವಾಗಿ ಈ ಘರ್ಷಣೆಯೇ.

ಈ ಸ್ಪ್ರಿಂಗಿನ ಇನ್ನೊಂದು ತುದಿ ಮರದಲ್ಲಿದೆ ಅನ್ನುವುದೇ ತೊಂದರೆ. ಹಲವು ಟ್ರೇಲರ್‌ಗಳ ಗೋಡೆ ಹೊರಗಿಂದ ತೆಳ್ಳನೆಯ ಅಲ್ಯೂಮಿನಿಯಂ ಅಥವಾ ಫೈಬರ್‌ಗ್ಲಾಸ್ ಹಾಳೆ, ಒಳಗಿಂದ ತೆಳು ಪ್ಲೈವುಡ್. ನಡುವೆ ಫೋಮ್, ಅಲ್ಲಲ್ಲಿ ಮರದ ಪಟ್ಟಿ. ಸ್ಕ್ರೂ ಕಚ್ಚಬೇಕಾದ್ದು ಆ ಪಟ್ಟಿಯನ್ನು. ಮರ ಕಬ್ಬಿಣದ ಹಾಗಲ್ಲ. ತುಂಬ ಹೊತ್ತು ಒತ್ತಿ ಹಿಡಿದರೆ ನಿಧಾನಕ್ಕೆ ಸೋಲುತ್ತದೆ, ಒತ್ತಡ ತಾನಾಗಿಯೇ ಇಳಿಯುತ್ತದೆ. ತೇವ ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಇದರ ಜತೆಗೆ ಬಿಸಿಲು. 6 ಮೀಟರ್ ಉದ್ದದ ಅಲ್ಯೂಮಿನಿಯಂ 30 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು 4 ಮಿ.ಮೀ. ಉದ್ದವಾಗುತ್ತದೆ. ಉಕ್ಕು ಹಿಗ್ಗುವುದು ಅದರ ಅರ್ಧದಷ್ಟು ಮಾತ್ರ. ದಿನಾ ಹಗಲು ಹಿಗ್ಗಿ ರಾತ್ರಿ ಕುಗ್ಗುವ ಗೋಡೆಯ ಮೇಲೆ ಸ್ಕ್ರೂ ಕೂತಿರಬೇಕು.

ಇನ್ನು ರಸ್ತೆಯ ಕುಲುಕಾಟ. ಕುಲುಕಿದರೆ ಸ್ಕ್ರೂ ಸಡಿಲವಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಯಾವ ದಿಕ್ಕಿನ ಕುಲುಕು ಅನ್ನುವುದನ್ನು ಸ್ಪಷ್ಟವಾಗಿ ತೋರಿಸಿದ್ದು ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್, 1969ರಲ್ಲಿ. ಅವನ ಪ್ರಯೋಗ ಬೋಲ್ಟುಗಳ ಮೇಲೆ. ಬೋಲ್ಟನ್ನು ಅದರ ಉದ್ದಕ್ಕೆ ಎಳೆದಾಡಿಸುವುದಕ್ಕಿಂತ ಅಡ್ಡಡ್ಡ ಜಾರಾಡಿಸುವುದೇ ಅದನ್ನು ಬಿಚ್ಚುವ ದೊಡ್ಡ ಕಾರಣ ಎಂದು ಅವನು ಕಂಡುಕೊಂಡ. ಅಡ್ಡ ಜಾರಿದ ಆ ಕ್ಷಣದಲ್ಲಿ ಥ್ರೆಡ್ಡಿನ ಹಿಡಿತ ಕಳಚುತ್ತದೆ. ಥ್ರೆಡ್ ಅಂದರೆ ಸುರುಳಿಯಾಗಿ ಸುತ್ತಿಟ್ಟ ಇಳಿಜಾರು, ಅಲ್ವಾ? ಹಿಡಿತ ತಪ್ಪಿದಾಗಲೆಲ್ಲ ಬೋಲ್ಟ್ ಆ ಇಳಿಜಾರಿನಲ್ಲಿ ಒಂಚೂರು ಹಿಂದಕ್ಕೆ ಜಾರುತ್ತದೆ. ಸಾವಿರಾರು ಸಲ ಒಂಚೂರು ಒಂಚೂರು ಜಾರಿದರೆ ಒಂದು ಸುತ್ತು. ಬೋಲ್ಟನ್ನು ಹೀಗೆ ಅಲುಗಾಡಿಸಿ ಪರೀಕ್ಷಿಸುವ ಯಂತ್ರಕ್ಕೆ ಇವತ್ತಿಗೂ ಅವನದೇ ಹೆಸರು.

ಮರದಲ್ಲಿ ಕಥೆ ಇನ್ನೂ ಕೆಡುತ್ತದೆ. ಒಮ್ಮೆ ಬ್ರಾಕೆಟ್ ಜಾರಲು ಶುರುವಾದರೆ ಭಾರವೆಲ್ಲ ಸ್ಕ್ರೂ ಮೈಮೇಲೆ ಬರುತ್ತದೆ. ಗಟ್ಟಿ ಉಕ್ಕು ಮೆತ್ತಗಿನ ಮರವನ್ನು ಅರದ ಹಾಗೆ ಕೆರೆಯುತ್ತದೆ. ತೂತು ಅಗಲವಾಗುತ್ತದೆ, ಅಗಲವಾದಷ್ಟೂ ಜಾಸ್ತಿ ಜಾರುತ್ತದೆ. ಅಷ್ಟರಲ್ಲಿ ನೀರು ಒಳಗೆ ಹೋಗದಂತೆ ಬ್ರಾಕೆಟ್ಟಿನ ಹಿಂದೆ ಹಚ್ಚಿದ ಸೀಲಂಟ್ ಹರಿದಿರುತ್ತದೆ, ನೀರು ಒಳಗೆ ದಾರಿ ಕಂಡುಕೊಂಡಿರುತ್ತದೆ.

ಇದಿಷ್ಟೂ ಗಾಳಿ ಬೀಸುವುದಕ್ಕೆ ಮುಂಚಿನ ಮಾತು. ಆನಿಂಗ್ ಬಟ್ಟೆ 4 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಅಂತಿಟ್ಟುಕೊಳ್ಳಿ. 10 ಚದರ ಮೀಟರ್ ಆಯಿತು. ಗಂಟೆಗೆ 36 ಕಿ.ಮೀ. ವೇಗದ ಗಾಳಿ ಪೂರ್ತಿ ಎದುರಿಗೆ ಬಂದು ಬಡಿದರೆ ಆ ಬಟ್ಟೆಯ ಮೇಲೆ ಬೀಳುವ ಒತ್ತಡ ಸುಮಾರು 60 ಕಿಲೋ ಭಾರಕ್ಕೆ ಸಮ. ವೇಗ ಎರಡರಷ್ಟಾಗಿ 72 ಕಿ.ಮೀ. ಆದರೆ ಭಾರವೂ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. 240 ಕಿಲೋ! ಬಟ್ಟೆ ಓರೆಯಾಗಿರುವುದರಿಂದ ನಿಜವಾದ ಲೆಕ್ಕ ಹೆಚ್ಚುಕಮ್ಮಿ ಆಗುತ್ತದೆ, ಆದರೆ ನಾಲ್ಕರ ಲೆಕ್ಕ ತಪ್ಪುವುದಿಲ್ಲ. ಗಾಳಿ ಬಟ್ಟೆಯನ್ನು ಮೇಲಕ್ಕೆತ್ತಿದಾಗ ತೋಳು ಬ್ರಾಕೆಟ್ಟನ್ನು ಎಳೆಯುತ್ತದೆ. ಬ್ರಾಕೆಟ್ಟಿನ ಒಂದು ಅಂಚು ಗೋಡೆಗೆ ಊರಿಕೊಂಡು, ಇನ್ನೊಂದು ಕಡೆ ಎದ್ದೇಳುತ್ತದೆ. ಸುತ್ತಿಗೆಯ ಹಿಂಬದಿಯಿಂದ ಮೊಳೆ ಕೀಳುತ್ತೇವಲ್ಲ, ಹಾಗೆ.

ಮಳೆ ಬಂದರೆ ಇನ್ನೊಂದು ಥರ. ಒಂದು ಚದರ ಮೀಟರ್ ಜಾಗದಲ್ಲಿ 5 ಸೆಂ.ಮೀ. ನೀರು ನಿಂತರೆ 50 ಕಿಲೋ. ಬಟ್ಟೆ ತಗ್ಗುತ್ತದೆ, ತಗ್ಗಿದ ಕಡೆಗೇ ಇನ್ನಷ್ಟು ನೀರು ಹರಿಯುತ್ತದೆ. ಮಳೆ ಬರುವ ಹಾಗಿದ್ದರೆ ಒಂದು ಕಡೆಯ ತೋಳನ್ನು ತಗ್ಗಿಸಿಡಿ. ಸುರುಳಿ ಸುತ್ತಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು.

ಈಗ ರಿಪೇರಿ. ಅದಕ್ಕೂ ಮೊದಲು ಒಂದು ಎಚ್ಚರಿಕೆ, ಇದನ್ನು ಮಾತ್ರ ದಯವಿಟ್ಟು ಹಾರಿಸಿ ಓದಬೇಡಿ. ಕೈಯಲ್ಲಿ ಎಳೆಯುವ ಆನಿಂಗಿನ ಕೊಳವೆಯೊಳಗೆ ತಿರುಚಿಟ್ಟ ಸ್ಪ್ರಿಂಗ್ ಇರುತ್ತದೆ. ತೋಳನ್ನು ಕಟ್ಟದೆ, ಕೊಳವೆಗೆ ಲಾಕ್ ಹಾಕದೆ ಬ್ರಾಕೆಟ್ ಬಿಚ್ಚಿದರೆ ಅದು ಗಿರ್ರನೆ ಸುತ್ತಿಕೊಂಡು ತೋಳನ್ನೂ ಜತೆಗೆ ಬೀಸಬಹುದು. ಬೆರಳು, ಮುಖ ಎರಡೂ ಅದರ ದಾರಿಯಲ್ಲಿರುತ್ತವೆ. ತೋಳನ್ನು ಹಿಡಿದುಕೊಳ್ಳಲು ಇನ್ನೊಬ್ಬರು ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಸ್ಕ್ರೂ ಹೊರಗೆ ಬಂದಾಗ ಅದನ್ನು ಒರೆಸಬೇಡಿ. ಥ್ರೆಡ್ಡಿನ ಸಂದಿಯಲ್ಲಿ ಏನು ಸಿಕ್ಕಿಕೊಂಡಿದೆ ನೋಡಿ. ಒಣಗಿದ, ತಿಳಿ ಬಣ್ಣದ ಹಿಟ್ಟು ಉದುರಿದರೆ ಮರ ಸವೆದಿದೆ ಅಷ್ಟೇ. ಬಿಳಿ ಪುಡಿ ಇದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತಿದೆ. ಎರಡು ಬೇರೆ ಲೋಹಗಳ ನಡುವೆ ನೀರು, ಅದರಲ್ಲೂ ಉಪ್ಪುನೀರು, ನಿಂತರೆ ಅದೊಂದು ಪುಟ್ಟ ಬ್ಯಾಟರಿ. ಆ ಬ್ಯಾಟರಿಯಲ್ಲಿ ಕರಗುವ ಪಾಲು ಅಲ್ಯೂಮಿನಿಯಮ್ಮಿನದು. ಕಪ್ಪಗೆ, ಒದ್ದೆಯಾಗಿ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಂಥದ್ದು ಬಂತೋ, ಮರ ಕೊಳೆತಿದೆ. ಮರ ತಿನ್ನುವ ಶಿಲೀಂಧ್ರಕ್ಕೆ ತೇವ ಬೇಕು. ಮರದ ತೇವಾಂಶ 20 ಶೇಕಡಕ್ಕಿಂತ ಕೆಳಗಿದ್ದರೆ ಅದರ ಆಟ ನಡೆಯುವುದಿಲ್ಲ. 30ರ ಹತ್ತಿರ ಬಂದರೆ ಹಬ್ಬ. ತೂತಿನೊಳಗೆ ಸಣ್ಣ ಸ್ಕ್ರೂಡ್ರೈವರ್ ಹಾಕಿ ಚುಚ್ಚಿ. ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಯಾವ ಅಂಟೂ ನಿಮ್ಮನ್ನು ಕಾಪಾಡುವುದಿಲ್ಲ. ಆ ಭಾಗ ಕತ್ತರಿಸಿ ತೆಗೆದು ಹೊಸ ಮರ ಕೂರಿಸಲೇಬೇಕು.

ಬರೀ ಸವೆದಿದ್ದರೆ ದಾರಿಗಳಿವೆ. ಬೆಂಕಿಕಡ್ಡಿಗೆ ಗೋಂದು ಸವರಿ ತುರುಕುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಕಪಾಟಿನ ಬಾಗಿಲಿಗೆ ಸಾಕು, 60 ಕಿಲೋ ಎಳೆತಕ್ಕೆ ಆಗುವುದಿಲ್ಲ. ಗಟ್ಟಿಮರದ ಗೂಟ ಹೊಡೆದು ಎಪಾಕ್ಸಿ ಎಂಬ ಗಟ್ಟಿ ಅಂಟು ಹಾಕುವುದು ವಾಸಿ, ಆದರೆ ಅದರಲ್ಲೊಂದು ಸೂಕ್ಷ್ಮವಿದೆ. ಅಂಗಡಿಯ ದುಂಡು ಗೂಟದಲ್ಲಿ ಮರದ ನಾರು ಉದ್ದುದ್ದಕ್ಕೆ ಇರುತ್ತದೆ. ಸ್ಕ್ರೂ ಆ ನಾರುಗಳ ನಡುವೆಯೇ ಇಳಿಯುತ್ತದೆ. ಹಾಗೆ ಇಳಿದ ಸ್ಕ್ರೂಗೆ ಸಿಗುವುದು ನಾರಿಗೆ ಅಡ್ಡಲಾಗಿ ಇಳಿದಾಗಿನ ಹಿಡಿತದ ಸುಮಾರು ಮುಕ್ಕಾಲು ಪಾಲು. ಅಡ್ಡ ನಾರಿನ ಬಿರಡೆ ಕತ್ತರಿಸಿಕೊಂಡರೆ ಪೂರ್ತಿ ಹಿಡಿತ. ಹೊಸ ತೂತಿನ ಅಳತೆಗೂ ಲೆಕ್ಕ ಇದೆ. ಥ್ರೆಡ್ ಬಿಟ್ಟು ಸ್ಕ್ರೂ ನಡುದಂಡು ಎಷ್ಟು ದಪ್ಪವೋ, ಮೆದುಮರಕ್ಕೆ ಅದರ 70 ಶೇಕಡ, ಗಟ್ಟಿಮರಕ್ಕೆ 90 ಶೇಕಡ.

ನನ್ನನ್ನು ಕೇಳಿದರೆ, ಒಳಗಿನಿಂದ ಕೈ ಹೋಗುವ ಜಾಗವಿದ್ದರೆ ಮರವನ್ನು ನಂಬುವುದನ್ನೇ ಬಿಡಿ. ಗೋಡೆಯ ಆಚೆಯವರೆಗೂ ಬೋಲ್ಟ್ ತೂರಿಸಿ, ಒಳಗಡೆ ಅಗಲವಾದ ಲೋಹದ ಪಟ್ಟಿ ಇಟ್ಟು ನಟ್ ಹಾಕಿ. ಥ್ರೆಡ್ಡಿನ ಸುತ್ತ ಇದ್ದ ಎಳೆತ ಈಗ ಇಡೀ ಪಟ್ಟಿಗೆ ಹಂಚಿಹೋಗುತ್ತದೆ. ನಡುವೆ ಬರೀ ಫೋಮ್ ಇದ್ದರೆ ಗೋಡೆ ಒಳಕ್ಕೆ ಕುಸಿಯದಂತೆ ಬೋಲ್ಟಿನ ಸುತ್ತ ಒಂದು ಕೊಳವೆ ತುಂಡು ಬೇಕಾಗುತ್ತದೆ.

ಥ್ರೆಡ್ಡಿಗೆ ಹಾಕುವ ಲಾಕ್‌ಟೈಟ್ ಥರದ ಅಂಟು ಸಾಲದೇ ಅಂತ ಕೆಲವರು ಕೇಳುತ್ತಾರೆ. 1953ರಲ್ಲಿ ಅಮೆರಿಕದ ರಸಾಯನಶಾಸ್ತ್ರ ಪ್ರಾಧ್ಯಾಪಕ ವರ್ನನ್ ಕ್ರೀಬಲ್ ಅದನ್ನು ತಯಾರಿಸಿದ. ಗಾಳಿ ಸಿಗದ ಜಾಗದಲ್ಲಿ, ಲೋಹ ಮುಟ್ಟಿದಾಗ ಗಟ್ಟಿಯಾಗುವ ಅಂಟು ಅದು. ನಟ್ಟು-ಬೋಲ್ಟಿನ ನಡುವೆ ಚೆನ್ನಾಗಿ ಕೆಲಸ ಮಾಡುತ್ತದೆ. ಮರದ ತೂತಿಗೆ ಹಾಕಿದರೆ ದುಡ್ಡು ದಂಡ.

ಬ್ರಾಕೆಟ್ಟಿನ ಹಿಂದೆ ಬ್ಯುಟೈಲ್ ಟೇಪ್ ಅಂಟಿಸಿ. ಚೂಯಿಂಗ್ ಗಮ್ಮಿನಂಥ ಅದು ಗೋಡೆ ಹಿಗ್ಗಿ ಕುಗ್ಗಿದಂತೆ ತಾನೂ ಹಿಗ್ಗಿ ಕುಗ್ಗುತ್ತದೆ. ಸಿಲಿಕೋನ್ ಬೇಡ. ಒಮ್ಮೆ ಹಚ್ಚಿದ ಸಿಲಿಕೋನಿನ ಮೇಲೆ ಮುಂದೆ ಬೇರೇನೂ ಸರಿಯಾಗಿ ಅಂಟುವುದಿಲ್ಲ.

ಎಲ್ಲ ಮುಗಿದ ಮೇಲೆ ಸ್ಕ್ರೂ ತಲೆಯಿಂದ ಬ್ರಾಕೆಟ್ಟಿನವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮುಂದಿನ ಪ್ರಯಾಣ ಮುಗಿಸಿ ಬಂದು ನೋಡಿ. ಗೆರೆ ಮುರಿದು ಅತ್ತಿತ್ತ ಸರಿದಿದ್ದರೆ ಸ್ಕ್ರೂ ತಿರುಗಿದೆ, ಸ್ಪ್ಯಾನರ್ ತನ್ನಿ. ಗೆರೆ ನೆಟ್ಟಗೇ ಇದ್ದು ಬ್ರಾಕೆಟ್ ಅಲ್ಲಾಡುತ್ತಿದ್ದರೆ ಸ್ಪ್ಯಾನರ್ ಪೆಟ್ಟಿಗೆಯಲ್ಲೇ ಇರಲಿ. ಸೋತಿರುವುದು ಹಿಂದಿನ ಮರ.