ಜಿಮ್‌ಗೆ ಹೋದ ಮೇಲೆ ತೂಕ ಇಳಿದಿಲ್ಲ, ಸೊಂಟ ಇಳಿದಿದೆ. ಯಾವುದನ್ನು ನಂಬಲಿ?

ಪ್ರಶ್ನೆ: ನನಗೆ 36 ವರ್ಷ, ಎತ್ತರ 158 ಸೆಂ.ಮೀ. ಮೈಸೂರಿನ ಸರಸ್ವತಿಪುರಂನಲ್ಲಿ ಎಂಟು ತಿಂಗಳಿಂದ ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗಿ ಭಾರ ಎತ್ತುತ್ತಿದ್ದೇನೆ. ಸೇರಿದಾಗ 61 ಕೆಜಿ ಇದ್ದೆ, ಈಗ 61.5. ಸೊಂಟದ ಸುತ್ತಳತೆ ಮಾತ್ರ 84 ಸೆಂ.ಮೀ.ನಿಂದ 79ಕ್ಕೆ ಬಂದಿದೆ. ಹಳೇ ಚೂಡಿದಾರ್‌ಗಳೆಲ್ಲ ಲೂಸ್. ಆದರೆ ಆಫೀಸಿನ ಹೆಲ್ತ್ ಚೆಕಪ್ಪಿನಲ್ಲಿ ‘ಬಿಎಂಐ 24.6, ಅಧಿಕ ತೂಕ’ ಅಂತ ಕೆಂಪಕ್ಷರದಲ್ಲಿ ಬಂದಿದೆ. ಮಂಡ್ಯದಿಂದ ಬಂದ ಅತ್ತೆ, ‘ಕಾಸು ಕೊಟ್ಟು ತೂಕ ಜಾಸ್ತಿ ಮಾಡ್ಕಂಡ್ಯಲ್ಲವ್ವ’ ಅಂದರು. ರಾತ್ರಿ ಊಟ ಬಿಡಲಾ?

ಉತ್ತರ: ರಾತ್ರಿ ಊಟ ಬಿಡಬೇಡಿ. ಇಷ್ಟು ಹೇಳಿಬಿಟ್ಟು ಆಮೇಲೆ ಲೆಕ್ಕಕ್ಕೆ ಬರುತ್ತೇನೆ.

ಬಿಎಂಐ ಲೆಕ್ಕ ಐದನೇ ಕ್ಲಾಸಿನ ಮಕ್ಕಳೂ ಮಾಡಬಹುದಾದ್ದು. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಮುಗೀತು. 61.5 ಅನ್ನು 1.58ರಿಂದ ಒಮ್ಮೆ, ಇನ್ನೊಮ್ಮೆ. 24.6 ಬಂತು. ಈ ಲೆಕ್ಕದಲ್ಲಿ ನಿಮ್ಮ ಸೊಂಟ ಎಲ್ಲಿದೆ? ತೊಡೆಯ ಸ್ನಾಯು ಎಲ್ಲಿದೆ? ಎಲ್ಲೂ ಇಲ್ಲ. ಎಂಟು ತಿಂಗಳ ಹಿಂದೆ ನಿಮ್ಮ ಬಿಎಂಐ 24.4 ಇತ್ತು. ಅಂದರೆ ಈ ಲೆಕ್ಕದ ಪ್ರಕಾರ ನಿಮ್ಮಲ್ಲಿ ಏನೂ ಬದಲಾಗೇ ಇಲ್ಲ. ಆದರೆ ಚೂಡಿದಾರ್ ಬೇರೆ ಹೇಳ್ತಿದೆ, ಅಲ್ವಾ?

ಇದನ್ನು ಮೊದಲು ಹಾಕಿದವನು ಡಾಕ್ಟರಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಅನ್ನೋ ಗಣಿತದ ಮೇಷ್ಟ್ರು ‘ಸರಾಸರಿ ಮನುಷ್ಯ’ ಹೇಗಿರ್ತಾನೆ ಅಂತ ಹುಡುಕುವಾಗ ಮಾಡಿದ ಲೆಕ್ಕ ಇದು. ಬಿಎಂಐ ಅನ್ನೋ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಸಂಶೋಧಕ ಆನ್ಸೆಲ್ ಕೀಸ್ ಮತ್ತು ಜೊತೆಗಾರರಿಂದ. ಅವರು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಜನರ ಅಳತೆ ನೋಡಿದ್ದರು. ಅಷ್ಟೂ ಜನ ಗಂಡಸರು! ಸಾವಿರಾರು ಜನರನ್ನು ಒಟ್ಟಿಗೆ ನೋಡಲು ಇದು ಒಳ್ಳೆಯ ಲೆಕ್ಕವೇ. ಒಬ್ಬರನ್ನು ಎದುರಿಗೆ ಕೂರಿಸಿಕೊಂಡಾಗ ಎಡವುತ್ತದೆ.

ಹಿಂದೆ ರೈಲ್ವೆ ಸ್ಟೇಷನ್‌ಗಳಲ್ಲಿ ಬಣ್ಣದ ದೀಪ ತಿರುಗುವ ತೂಕದ ಮಷೀನು ಇರ್ತಿತ್ತು, ನೆನಪಿದೆಯಾ? ನಾಣ್ಯ ಹಾಕಿದರೆ ಟಪ್ ಅಂತ ಗಟ್ಟಿ ಚೀಟಿ ಬೀಳುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ‘ಅಧಿಕ ತೂಕ’ ಅನ್ನೋ ಕೆಂಪಕ್ಷರ ನೋಡಿದಾಗೆಲ್ಲ ನನಗೆ ಆ ಚೀಟಿಯ ಹಿಂಬದಿಯೇ ನೆನಪಾಗುತ್ತೆ.

ಈಗ ನಿಮ್ಮ ಮೈಯಲ್ಲಿ ಏನಾಗಿರಬಹುದು ನೋಡೋಣ. ಸುಮಾರು 3 ಕೆಜಿ ಕೊಬ್ಬು ಹೋಗಿದೆ, ಮೂರೂವರೆ ಕೆಜಿಯಷ್ಟು ಸ್ನಾಯು ಮತ್ತು ನೀರು ಬಂದಿದೆ ಅಂತಿಟ್ಟುಕೊಳ್ಳಿ. ಮಷೀನಿಗೆ ಕಾಣೋದು ಅರ್ಧ ಕೆಜಿ ಮಾತ್ರ. ನೀರು ಯಾಕೆ ಅಂದರೆ, ಭಾರ ಎತ್ತುವ ಸ್ನಾಯು ಗ್ಲೈಕೋಜನ್ ಅನ್ನೋ ಸಕ್ಕರೆಯನ್ನು ಒಳಗೆ ಕೂಡಿಟ್ಟುಕೊಳ್ಳುತ್ತೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರೂ ಬಂದು ಕೂರುತ್ತೆ.

‘ಕೊಬ್ಬಿಗಿಂತ ಸ್ನಾಯು ಭಾರ’ ಅಂತ ಜಿಮ್‌ನಲ್ಲಿ ಎಲ್ಲರೂ ಹೇಳ್ತಾರೆ. ಒಂದು ಕೆಜಿ ಅಂದರೆ ಒಂದು ಕೆಜಿಯೇ ತಾನೇ? ಸ್ನಾಯು ಕಮ್ಮಿ ಜಾಗ ಹಿಡಿಯುತ್ತೆ, ಅಷ್ಟೇ. ಅದೂ ಮೊಬೈಲಿನಲ್ಲಿ ಓಡಾಡೋ ಚಿತ್ರಗಳಲ್ಲಿ ತೋರಿಸೋ ಹಾಗೆ ಅರ್ಧಕ್ಕರ್ಧ ಅಲ್ಲ. 3 ಕೆಜಿ ಕೊಬ್ಬು ಸುಮಾರು 3.3 ಲೀಟರ್ ಜಾಗ ಹಿಡಿದರೆ, 3 ಕೆಜಿ ಸ್ನಾಯು 2.8 ಲೀಟರ್. ವ್ಯತ್ಯಾಸ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು. ಚೂಡಿದಾರ್ ಲೂಸಾಗಲು ದೊಡ್ಡ ಕಾರಣ ಇದಲ್ಲ. ಕೊಬ್ಬು ಸೊಂಟದ ಸುತ್ತ ಕರಗಿದೆ. ಸ್ನಾಯು ತೊಡೆ, ಬೆನ್ನು, ಭುಜಕ್ಕೆ ಹಂಚಿಹೋಗಿದೆ.

ಮೈಸೂರಿನ ಗರಡಿ ಮನೆಯ ಪೈಲ್ವಾನನೊಬ್ಬ 170 ಸೆಂ.ಮೀ. ಎತ್ತರ, 85 ಕೆಜಿ ತೂಕ ಇದ್ದರೆ ಅವನ ಬಿಎಂಐ 29.4. ನಮ್ಮಲ್ಲಿನ ಅಳತೆಯಲ್ಲಿ ಅದು ಬೊಜ್ಜಿನ ಸಾಲು. ಗಂಡಸಾದರೆ ‘ಪೈಲ್ವಾನ್ ಅಲ್ವಾ’ ಅಂತ ನಕ್ಕು ಸುಮ್ಮನಾಗ್ತೀವಿ. ದಸರಾ ಕುಸ್ತಿಯಲ್ಲಿ ಈಗ ಹೆಣ್ಣುಮಕ್ಕಳೂ ಅಖಾಡಕ್ಕೆ ಇಳಿಯುತ್ತಾರೆ, ಆದರೂ ಹೆಂಗಸರ ಮೈಯಲ್ಲಿ ಅರ್ಧ ಕೆಜಿ ಜಾಸ್ತಿಯಾದರೆ ಮನೆಯೆಲ್ಲ ಪಂಚಾಯ್ತಿ.

ಹಾಗಂತ ಬಿಎಂಐ ಯಾವಾಗಲೂ ಜಾಸ್ತಿಯೇ ಹೇಳುತ್ತೆ ಅಂದುಕೊಳ್ಳಬೇಡಿ. ನಮ್ಮ ಜನರಲ್ಲಿ ಅದು ಉಲ್ಟಾ ತಪ್ಪುವುದೇ ಹೆಚ್ಚು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮದೇ ಮೈಯ ಲೆಕ್ಕವನ್ನು ‘ಲ್ಯಾನ್ಸೆಟ್’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2! ನೋಡೋಕೆ ತೆಳ್ಳಗೆ, ಒಳಗೆ ಕೊಬ್ಬು. ಇದು ನಮ್ಮ ಕಡೆಯ ಕಥೆ. ಅದಕ್ಕೇ ಭಾರತೀಯರಿಗೆ ‘ಅಧಿಕ ತೂಕ’ದ ಗೆರೆಯನ್ನು 25ರಿಂದ 23ಕ್ಕೆ ಇಳಿಸಿದ್ದು. ಆ ಗೆರೆ ಸುಮ್ನೆ ಎಳೆದದ್ದಲ್ಲ. ಸ್ನಾಯು ಕಮ್ಮಿ ಇರುವವರನ್ನು ಹಿಡಿಯಲು ಹಾಕಿದ ಬಲೆಗೆ ಸ್ನಾಯು ಬೆಳೆಸಿಕೊಂಡ ನೀವು ಸಿಕ್ಕಿಬಿದ್ದಿದ್ದೀರಿ.

ಆ ಕೆಂಪಕ್ಷರ ಹೋಗಬೇಕಾದರೆ ನೀವು 57 ಕೆಜಿಗೆ ಇಳಿಯಬೇಕು. ಊಟ ಬಿಟ್ಟು ಇಳಿದರೆ ಕೊಬ್ಬಿನ ಜೊತೆ ಎಂಟು ತಿಂಗಳು ಬೆವರು ಸುರಿಸಿ ಕಟ್ಟಿದ ಸ್ನಾಯುವೂ ಹೋಗುತ್ತೆ. ರಿಪೋರ್ಟಿನಲ್ಲಿ ಹಸಿರು ಬರುತ್ತೆ, ನೀವು ಮೊದಲಿದ್ದಲ್ಲಿಗೇ ಬಂದಿರ್ತೀರಿ. ಮುದ್ದೆ ಚಿಕ್ಕದು ಮಾಡೋದಾದರೆ ಮಾಡಿ. ಬಸ್ಸಾರಿನ ಜೊತೆಗಿನ ಕಾಳುಪಲ್ಯ ಮಾತ್ರ ಇನ್ನೊಂದು ಸೌಟು ಹಾಕಿಸಿಕೊಳ್ಳಿ.

ತೂಕ ನೋಡಲೇಬೇಕು ಅಂದರೆ ಬೆಳಿಗ್ಗೆ ಎದ್ದು, ಬಾತ್‌ರೂಮಿಗೆ ಹೋಗಿ ಬಂದು, ಕಾಫಿಗೆ ಮುಂಚೆ ನೋಡಿ. ಮುಟ್ಟಿನ ಹಿಂದಿನ ವಾರ ಬೇಡ. ಆಗ ಒಂದೆರಡು ಕೆಜಿ ನೀರೇ ಜಾಸ್ತಿ ಇರಬಹುದು. ಮದ್ದೂರಿನಲ್ಲಿ ಇಳಿದು ವಡೆ ತಿಂದು ಬಂದ ಮರುದಿನವೂ ಬೇಡ. ಜಿಮ್‌ನಲ್ಲಿ ಬರಿಗಾಲಲ್ಲಿ ನಿಲ್ಲಿಸಿ ‘ಫ್ಯಾಟ್ ಪರ್ಸೆಂಟ್’ ಹೇಳೋ ಮಷೀನನ್ನೂ ಪೂರ್ತಿ ನಂಬಬೇಡಿ. ಮೈಯಲ್ಲಿ ಸಣ್ಣ ಕರೆಂಟ್ ಹರಿಸಿ ಅಂದಾಜು ಮಾಡುತ್ತೆ ಅದು. ನೀರು ಕುಡಿದಿದ್ದೀರೋ ಇಲ್ಲವೋ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ.

ನಿಮಗೆ ನಿಜವಾಗಿ ಬೇಕಾದದ್ದು ಟೈಲರ್ ಟೇಪು. ಎಲ್ಲಿ ಹಿಡಿಯೋದು ಅನ್ನೋದರಲ್ಲೇ ಎಲ್ಲರೂ ತಪ್ಪೋದು. ಲಂಗದ ಲಾಡಿ ಗುರುತು ಬಿದ್ದಿರುತ್ತಲ್ಲ, ಅದೇ ಸೊಂಟ ಅಂದುಕೊಳ್ಳಬೇಡಿ. ಪಕ್ಕೆಲುಬು ಮುಗಿಯುವ ಜಾಗಕ್ಕೆ ಒಂದು ಬೆರಳಿಡಿ, ಸೊಂಟದ ಮೂಳೆ ಶುರುವಾಗುವ ಜಾಗಕ್ಕೆ ಇನ್ನೊಂದು. ಎರಡರ ಮಧ್ಯೆ ಟೇಪು ಸುತ್ತಿ. ಹೊಟ್ಟೆ ಎಳೆದುಕೊಳ್ಳದೆ, ಉಸಿರು ಬಿಟ್ಟು ಓದಿ. ಭಾರತೀಯ ಹೆಂಗಸರಿಗೆ 80 ಸೆಂ.ಮೀ. ದಾಟಬಾರದು, ಎತ್ತರದ ಅರ್ಧವನ್ನೂ ದಾಟಬಾರದು. ನಿಮ್ಮ ಎತ್ತರದ ಅರ್ಧ 79. ಸರಿಯಾಗಿ ಗೆರೆಯ ಮೇಲೆ ನಿಂತಿದ್ದೀರಿ, ಇನ್ನೊಂದೆರಡು ಸೆಂಟಿಮೀಟರ್ ಇಳಿದರೆ ಇನ್ನೂ ಒಳ್ಳೆಯದು. ತೂಕವೂ ಏರುತ್ತಾ ಸೊಂಟವೂ ಏರುತ್ತಿದ್ದರೆ ಮಾತ್ರ ‘ಅದು ಮಸಲ್ ಕಣ್ರೀ’ ಅಂತ ಯಾರಿಗೂ ಹೇಳಬೇಡಿ, ನಿಮಗೆ ನೀವೂ ಹೇಳಿಕೊಳ್ಳಬೇಡಿ.

ಇನ್ನೊಂದು ಮಾತು. ಆ ಚೆಕಪ್ಪಿನಲ್ಲಿ ರಕ್ತವನ್ನೂ ತೆಗೆದಿರುತ್ತಾರೆ. ಖಾಲಿ ಹೊಟ್ಟೆಯ ಶುಗರ್ 100ರ ಒಳಗಿದೆಯಾ? ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಅಂಕಿ, 5.7ರ ಒಳಗಾ? ಟ್ರೈಗ್ಲಿಸರೈಡ್ ಅನ್ನೋ ರಕ್ತದ ಕೊಬ್ಬು 150 ದಾಟಿಲ್ಲ ತಾನೇ? ಬಿಪಿ ಎಷ್ಟು? ನಿಮ್ಮ ಪ್ರಶ್ನೆಯಲ್ಲಿ ಇದ್ಯಾವುದೂ ಇಲ್ಲ. ಕೆಂಪಕ್ಷರ ಕಂಡ ಪುಟದಲ್ಲೇ ನಿಂತುಬಿಟ್ಟಿದ್ದೀರಿ ಅನ್ಸುತ್ತೆ. ಮುಂದಿನ ಪುಟ ತಿರುಗಿಸಿ. ಅಲ್ಲಿ ಏನಾದರೂ ಗೆರೆ ದಾಟಿದ್ದರೆ ಡಾಕ್ಟರ ಹತ್ತಿರ ಹೋಗಿ, ಸೊಂಟದ ಅಳತೆಯನ್ನೂ ಬರೆದುಕೊಂಡು ಹೋಗಿ.