ಲೇಸರ್ ಕಟರನ್ನು ಸಾಫ್ಟ್‌ವೇರಿಗೆ ಪರಿಚಯಿಸುವಾಗ

ಗಣೇಶ ಚತುರ್ಥಿಗೆ ಇನ್ನೂ ಎರಡು ತಿಂಗಳಿರುವಾಗಲೇ ಪುಣೆಯ ಭೋಸರಿಯ ಸಣ್ಣ ಶೆಡ್ಡುಗಳಿಂದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಸುಟ್ಟ ವಾಸನೆ ಬರತೊಡಗುತ್ತದೆ. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಥರ್ಮೋಕೋಲ್ ಅಲಂಕಾರವನ್ನು ನಿಷೇಧಿಸಿದ ಮೇಲೆ ಗಣಪತಿಯನ್ನು ಕೂರಿಸುವ ಮಖರಗಳು ರಟ್ಟಿಗೆ, ತೆಳು ಎಂಡಿಎಫ್ ಹಲಗೆಗೆ ಹೊರಳಿದವು. ಅವುಗಳ ಹಿಂದೆಯೇ ಲೇಸರ್ ಕಟರ್‌ಗಳೂ ಬಂದವು. ಈ ಶೆಡ್ಡುಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಹುಡುಗರು ಸಾಕಷ್ಟಿದ್ದಾರೆ. ಹೊಸದಾಗಿಯೋ ಸೆಕೆಂಡ್ ಹ್ಯಾಂಡ್ ಆಗಿಯೋ ತಂದ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿದ ದಿನ ಅವರಿಂದ ನನಗೆ ಬರುವ ಫೋನು ಸಾಮಾನ್ಯವಾಗಿ ಒಂದೇ ತೆರನಾದದ್ದು: "ಸರ, ಸಾಫ್ಟ್‌ವೇರು ಮಷೀನ್ ಹಿಡೀವಲ್ದು."

ಲೈಟ್‌ಬರ್ನ್‌ನಂಥ ಸಾಫ್ಟ್‌ವೇರಿನಲ್ಲಿ ಯಂತ್ರವನ್ನು ತಾನಾಗಿಯೇ ಹುಡುಕುವ ಬಟನ್ ಇದೆ, ನಿಜ. ಆದರೆ ಕೆಲವು ಕಂಟ್ರೋಲರ್‌ಗಳು (ಯಂತ್ರವನ್ನು ನಡೆಸುವ ಬೋರ್ಡುಗಳು) ಮಾತ್ರ ಆ ಕರೆಗೆ ಓಗೊಡುತ್ತವೆ. ಬೋರ್ಡಿನ ಯುಎಸ್‌ಬಿ ಚಿಪ್ಪಿಗೆ ಬೇಕಾದ ಡ್ರೈವರ್ (ಹೆಚ್ಚಾಗಿ ಸಿಎಚ್340) ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ, ಕೇಬಲ್ ಬರೀ ಚಾರ್ಜಿಂಗ್‌ನದಾಗಿದ್ದರೆ, ಅಥವಾ ಅದೇ ಪೋರ್ಟನ್ನು ಬೇರೊಂದು ಸಾಫ್ಟ್‌ವೇರ್ ಹಿಡಿದು ಕೂತಿದ್ದರೆ ಯಾವ ಕಂಟ್ರೋಲರ್ ಆದರೂ ಸುಮ್ಮನಿರುತ್ತದೆ. ಇವನ್ನು ಮೊದಲು ನೋಡಿಕೊಂಡು, ಆಮೇಲೂ ಸಿಗದಿದ್ದರೆ ಡಿವೈಸಸ್ ಕಿಟಕಿಯಲ್ಲಿ "ಕ್ರಿಯೇಟ್ ಮ್ಯಾನ್ಯುಯಲಿ" ಒತ್ತಬೇಕು. ನನ್ನನ್ನು ಕೇಳಿದರೆ, ತಾನಾಗಿ ಸಿಕ್ಕರೂ ಒಮ್ಮೆ ಈ ದಾರಿಯಲ್ಲೇ ಹೋಗುವುದು ಒಳ್ಳೆಯದು, ಏಕೆಂದರೆ ಹುಡುಕಾಟದಲ್ಲಿ ತಿಳಿಯುವುದು ಆ ಕಡೆ ಒಂದು ಬೋರ್ಡ್ ಇದೆ ಎಂಬುದಷ್ಟೇ. ಆ ಬೋರ್ಡಿಗೆ ಎಂಥ ಯಂತ್ರ ಕಟ್ಟಿದ್ದಾರೆ ಎಂಬುದನ್ನು ನಾವೇ ಅಳೆದು, ಬೋರ್ಡನ್ನೇ ಕೇಳಿ ತುಂಬಬೇಕಾಗುತ್ತದೆ.

ಮೊದಲ ಪ್ರಶ್ನೆ ಕಂಟ್ರೋಲರಿನದು, ಮತ್ತು ಅದಕ್ಕೆ ಉತ್ತರ ಡಬ್ಬಿಯ ಮೇಲಿನ ಕಂಪನಿ ಹೆಸರಲ್ಲ, ಒಳಗಿನ ಬೋರ್ಡಿನ ಹೆಸರು. ಡಯೋಡ್ ಲೇಸರ್ ಯಂತ್ರಗಳಲ್ಲಿ ಹೆಚ್ಚಿನವು ಜಿಆರ್‌ಬಿಎಲ್ ಅಥವಾ ಅದರಿಂದ ಹುಟ್ಟಿದ ಫರ್ಮ್‌ವೇರಿನಲ್ಲಿ (ಬೋರ್ಡಿನೊಳಗೇ ಕೂತ ಸಾಫ್ಟ್‌ವೇರಿನಲ್ಲಿ) ನಡೆಯುತ್ತವೆ. ದೊಡ್ಡ ಸಿಒ2 (ಕಾರ್ಬನ್ ಡೈಆಕ್ಸೈಡ್ ಲೇಸರ್) ಯಂತ್ರಗಳಲ್ಲಿ ರುಯಿಡಾ ಕಂಪನಿಯ ಕಂಟ್ರೋಲರ್ ಸಾಮಾನ್ಯ. ಜಿಆರ್‌ಬಿಎಲ್ ಆದರೆ ಸೀರಿಯಲ್ ಸಂಪರ್ಕ, ಬಾಡ್ ರೇಟ್ (ಮಾಹಿತಿ ಹರಿಯುವ ವೇಗ) 115200. ರುಯಿಡಾವನ್ನು ನೆಟ್‌ವರ್ಕ್ ಕೇಬಲ್‌ನಲ್ಲಿ ಜೋಡಿಸುವುದಾದರೆ ಕಾರ್ಖಾನೆಯಿಂದ ಬರುವ ವಿಳಾಸ 192.168.1.100. ಯಂತ್ರಕ್ಕೆ ಹೆಸರು ಏನಾದರೂ ಇಡಿ.

ಮುಂದಿನದು ಉದ್ದ ಅಗಲ. ಜಾಹೀರಾತಿನಲ್ಲಿ 400×400 ಮಿ.ಮೀ. ಎಂದಿರುವುದನ್ನು ಕಣ್ಣು ಮುಚ್ಚಿ ತುಂಬಬಾರದು. ವಿದ್ಯುತ್ ತೆಗೆದು, ಲೇಸರ್ ಹೊತ್ತು ಓಡುವ ಹೆಡ್ಡನ್ನು ಕೈಯಿಂದ ನಿಧಾನವಾಗಿ ಈ ಕೊನೆಯಿಂದ ಆ ಕೊನೆಗೆ ಸರಿಸಿ, ಅದು ನಿಜವಾಗಿ ಓಡುವಷ್ಟನ್ನು ಟೇಪಿನಲ್ಲಿ ಅಳೆಯಬೇಕು. ಮೂಲ ಲೇಸರ್ ಮಾಡ್ಯೂಲ್ ತೆಗೆದು ದಪ್ಪನೆಯದೊಂದನ್ನು ಕೂರಿಸಿದ ಯಂತ್ರದಲ್ಲಿ ಹತ್ತು ಹದಿನೈದು ಮಿಲಿಮೀಟರ್ ಸುಲಭವಾಗಿ ಕಡಿಮೆಯಾಗಿರುತ್ತದೆ. ಅಳತೆ ಹೆಚ್ಚಾದರೆ ಹೆಡ್ ಕೊನೆಗೆ ಹೋಗಿ ಬಡಿದು, ಮೋಟಾರು ಗರ್ರೆಂದು ಹೆಜ್ಜೆ ತಪ್ಪಿಸಿಕೊಂಡು, ಅಲ್ಲಿಂದ ಮುಂದಿನ ಕತ್ತರಿಕೆಯೆಲ್ಲ ಪಕ್ಕಕ್ಕೆ ಸರಿದಿರುತ್ತದೆ.

ಆಮೇಲೆ ಆರಿಜಿನ್, ಅಂದರೆ ಯಂತ್ರದ ಸೊನ್ನೆ ಯಾವ ಮೂಲೆಯಲ್ಲಿದೆ ಎಂಬುದು. ಹೆಚ್ಚಿನ ಡಯೋಡ್ ಯಂತ್ರಗಳಲ್ಲಿ ಅದು ಮುಂದಿನ ಎಡ ಮೂಲೆ; ನಾನು ಕಂಡ ರುಯಿಡಾ ಯಂತ್ರಗಳಲ್ಲಿ ಬಹುಪಾಲು ಹಿಂದಿನ ಬಲ ಮೂಲೆ. ಇದನ್ನು ತಪ್ಪಾಗಿ ಕೊಟ್ಟರೆ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತವೆ. ಆಗ ಚಿತ್ರವನ್ನೇ ತಿರುಗಿಸಿ ಕೆಲಸ ಮುಗಿಸುವ ಆಪರೇಟರ್‌ಗಳನ್ನು ನೋಡಿದ್ದೇನೆ. ಅದು ಒಂದು ದಿನಕ್ಕೆ ನಡೆಯುತ್ತದೆ, ಎರಡನೆಯ ದಿನ ಇನ್ನೊಬ್ಬ ಬಂದು ಕೂತಾಗ ಹಲಗೆ ಹಾಳಾಗುತ್ತದೆ. ಪರೀಕ್ಷೆಗೆ ನಾನು ರಟ್ಟಿನ ಮೇಲೆ "ಳ" ಬರೆಸುತ್ತೇನೆ, ಅದನ್ನು ಎಡಬಲ ಮಗುಚಿದರೂ ತಲೆಕೆಳಗು ಮಾಡಿದರೂ ಮೊದಲ ನೋಟಕ್ಕೇ ಸಿಕ್ಕಿಬೀಳುತ್ತದೆ. "ಗ" ಬರೆಸಿದರೆ ಅಷ್ಟು ಬೇಗ ಗೊತ್ತಾಗುವುದಿಲ್ಲ. ಬರೆಸುವ ಮೊದಲು ಮೂವ್ ಕಿಟಕಿಯ ಬಾಣಗಳನ್ನು ಒತ್ತಿ ನೋಡಿ: ಮೇಲಿನ ಬಾಣಕ್ಕೆ ಹೆಡ್ ನಿಮ್ಮಿಂದ ದೂರ ಹೋಗಬೇಕು, ಬಲ ಬಾಣಕ್ಕೆ ಬಲಕ್ಕೆ. ಆರಿಜಿನ್ ಸರಿಯಿದ್ದೂ ಹೆಡ್ ಉಲ್ಟಾ ಓಡಿದರೆ ದೋಷ ಸಾಫ್ಟ್‌ವೇರಿನದಲ್ಲ. ಜಿಆರ್‌ಬಿಎಲ್ ಬೋರ್ಡಿನಲ್ಲಿ $3 ಎಂಬ ಸೆಟ್ಟಿಂಗಿನಲ್ಲಿ ಆ ಅಕ್ಷದ ದಿಕ್ಕನ್ನು ಬದಲಿಸಬೇಕು.

ಅದೇ ಪುಟದಲ್ಲಿ "ಆಟೋ ಹೋಮ್" ಎಂಬ ಚೌಕವಿದೆ, ಶುರುವಿನಲ್ಲೇ ಹೆಡ್ಡನ್ನು ಅದರ ಮೂಲೆಗೆ ಕಳಿಸುವ ಹೋಮಿಂಗ್‌ಗಾಗಿ. ಲಿಮಿಟ್ ಸ್ವಿಚ್ (ಹೆಡ್ ಕೊನೆ ಮುಟ್ಟಿತೆಂದು ಬೋರ್ಡಿಗೆ ಹೇಳುವ ಸ್ವಿಚ್) ಇಲ್ಲದ ಯಂತ್ರಕ್ಕೆ ಇದನ್ನು ಗುರುತು ಹಾಕಬೇಡಿ. ಹಾಕಿದರೆ, ಬೋರ್ಡಿನಲ್ಲಿ ಹೋಮಿಂಗ್ ಮುಚ್ಚಿದ್ದಾಗ ಎರರ್ 5 ಬರುತ್ತದೆ. ತೆರೆದಿದ್ದರೆ ಹೆಡ್ ಇಲ್ಲದ ಸ್ವಿಚ್ಚನ್ನು ಹುಡುಕುತ್ತಾ ಮೂಲೆಗೆ ಹೋಗಿ ಬಡಿದು ಅಲಾರಂ 9 ಹೇಳುತ್ತದೆ.

ಇಲ್ಲಿಗೆ ಸಾಫ್ಟ್‌ವೇರಿನ ಪ್ರಶ್ನೆಗಳು ಮುಗಿಯುತ್ತವೆ, ಮತ್ತು ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಅದು ಕೇಳದೆ ತಾನೇ ಊಹಿಸಿಕೊಂಡ ಒಂದು ಸಂಖ್ಯೆ ಒಳಗೆ ಕೂತಿರುತ್ತದೆ: ಎಸ್ ಮೌಲ್ಯದ ಗರಿಷ್ಠ. ಸಾಫ್ಟ್‌ವೇರ್ ಶಕ್ತಿಯನ್ನು ಶೇಕಡಾದಲ್ಲಿ ತೋರಿಸಿದರೂ ಬೋರ್ಡಿಗೆ ಕಳಿಸುವುದು ಎಸ್ ಎಂಬ ಸಂಖ್ಯೆಯನ್ನು. ಪೂರ್ಣ ಶಕ್ತಿಗೆ ಆ ಸಂಖ್ಯೆ ಎಷ್ಟು ಎಂಬ ಬಗ್ಗೆ ಇಬ್ಬರಿಗೂ ಒಂದೇ ತಿಳಿವಳಿಕೆ ಇರಬೇಕು. ಲೈಟ್‌ಬರ್ನ್ ಅದನ್ನು 1000 ಎಂದುಕೊಂಡಿರುತ್ತದೆ. ಬೋರ್ಡಿನ ಲೆಕ್ಕ $30ರಲ್ಲಿದ್ದು, ಕೆಲವು ಹಳೆಯ ಬೋರ್ಡುಗಳಲ್ಲಿ ಅದು 255 ಇರುತ್ತದೆ. ಆಗ ನೀವು ಶೇ. 20 ಕೊಟ್ಟರೆ ಹೋಗುವುದು ಎಸ್ 200. ಬೋರ್ಡಿಗೆ ಅದು 255ರಲ್ಲಿ 200, ಅಂದರೆ ಶೇ. 78. ಶೇ. 26ರ ಆಚೆ ಏನು ಕೊಟ್ಟರೂ ಪೂರ್ಣ ಶಕ್ತಿಯೇ. ಇಂಡಿ ತಾಲ್ಲೂಕಿನ ಹುಡುಗನೊಬ್ಬ ತನ್ನ ಯಂತ್ರ "ಭಾಳ ಜೋರೈತ್ರಿ" ಎಂದು ಹೆಮ್ಮೆಯಿಂದ ಹೇಳುತ್ತಿದ್ದುದು ಇದನ್ನೇ. ಅವನ ಕೆತ್ತನೆಯಲ್ಲಿ ತಿಳಿ ಕಂದು ಬಣ್ಣವೇ ಇರಲಿಲ್ಲ, ಎಲ್ಲ ಕಪ್ಪು.

ಇದರ ಉಲ್ಟಾ ಪ್ರಕರಣದಲ್ಲಿ ಪೆಟ್ಟು ತಿಂದವನು ನಾನೇ. ಬೋರ್ಡಿನಲ್ಲಿ 1000, ಸಾಫ್ಟ್‌ವೇರಿನಲ್ಲಿ ಯಾರೋ ಹಿಂದೆ ಬರೆದಿಟ್ಟ 255. ನೂರಕ್ಕೆ ನೂರು ಕೊಟ್ಟರೂ ಕಾಲು ಭಾಗದಷ್ಟೇ ಹೊರಬರುತ್ತಿತ್ತು, ಎಂಡಿಎಫ್ ಮೇಲೆ ಗೀರು ಬೀಳುತ್ತಿತ್ತೇ ವಿನಾ ಕತ್ತರಿಸುತ್ತಿರಲಿಲ್ಲ. ಲೆನ್ಸ್ ಒರೆಸಿದೆ, ಫೋಕಸ್ ಮಾಡಿದೆ, ಡಯೋಡ್ ಸತ್ತಿದೆ ಎಂದು ತೀರ್ಪು ಕೊಟ್ಟು ಹೊಸ ಮಾಡ್ಯೂಲ್ ತರಿಸಿದೆ. ಹೊಸದೂ ಬರೀ ಗೀರು ಎಳೆಯಿತು. ಕನ್ಸೋಲಿನಲ್ಲಿ ಎರಡು ಡಾಲರ್ ಚಿಹ್ನೆ ಒತ್ತಿ ಎಂಟರ್ ಕೊಟ್ಟರೆ ಬೋರ್ಡ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಪಟ್ಟಿ ಮಾಡಿ ಒಪ್ಪಿಸುತ್ತದೆ. ಹತ್ತು ಸೆಕೆಂಡಿನ ಆ ಕೆಲಸವನ್ನು ಮೊದಲೇ ಮಾಡಿದ್ದರೆ ಮಾಡ್ಯೂಲಿನ ಹಣ ಉಳಿಯುತ್ತಿತ್ತು.

ಆ ಪಟ್ಟಿಯಲ್ಲಿ $30ರ ಕೆಳಗೇ ಇರುವ $32 ಲೇಸರ್ ಮೋಡ್, ಅದು 1 ಆಗಿರಬೇಕು. 0 ಇದ್ದರೆ ಬೋರ್ಡ್ ತನ್ನನ್ನು ಡ್ರಿಲ್ಲಿಂಗ್ ಯಂತ್ರವೆಂದೇ ತಿಳಿದು, ಶಕ್ತಿ ಬದಲಾದಾಗಲೆಲ್ಲ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ನಿಂತಲ್ಲೆಲ್ಲ ಸುಟ್ಟ ಚುಕ್ಕೆ. ಜಿಆರ್‌ಬಿಎಲ್ 1.1ರಲ್ಲಿ ಲೇಸರ್ ಮೋಡ್ ಚಾಲೂ ಇದ್ದಾಗ ಲೇಸರನ್ನು ಹೊತ್ತಿಸುವ ಎಂ4 ಆದೇಶಕ್ಕೆ ಒಂದು ಒಳ್ಳೆಯ ಗುಣವಿದೆ: ತಿರುವಿನಲ್ಲಿ ಹೆಡ್ಡಿನ ವೇಗ ತಗ್ಗಿದಷ್ಟೇ ಶಕ್ತಿಯೂ ತಗ್ಗುತ್ತದೆ, ಮೂಲೆಗಳು ಕರಕಲಾಗುವುದಿಲ್ಲ.

ಮಖರದ ಕೆಲಸಕ್ಕೆ ಇನ್ನೊಂದು ಅಳತೆ ಬೇಕೇ ಬೇಕು. ಸುತ್ತಿಗೆ 200 ಹೆಜ್ಜೆಯ ಮೋಟಾರು, ಪ್ರತಿ ಹೆಜ್ಜೆಗೆ 16 ಮೈಕ್ರೋಸ್ಟೆಪ್, 2 ಮಿ.ಮೀ. ಅಂತರದ ಬೆಲ್ಟು, 20 ಹಲ್ಲಿನ ಪುಲಿ ಎಂದರೆ ಒಂದು ಸುತ್ತಿಗೆ 3200 ಹೆಜ್ಜೆ, 40 ಮಿ.ಮೀ. ಚಲನೆ, ಮಿಲಿಮೀಟರಿಗೆ 80 ಹೆಜ್ಜೆ. ಎಕ್ಸ್ ಮತ್ತು ವೈ ಅಕ್ಷಗಳ $100 ಮತ್ತು $101ರಲ್ಲಿ ಇದೇ ಇರುತ್ತದೆ. 200 ಮಿ.ಮೀ. ಗೆರೆ ಎಳೆಸಿ ಸ್ಟೀಲ್ ಸ್ಕೇಲಿನಲ್ಲಿ ಅಳೆದಾಗ 198 ಬಂದರೆ 80ನ್ನು 200ರಿಂದ ಗುಣಿಸಿ 198ರಿಂದ ಭಾಗಿಸಿ, 80.808 ತುಂಬಬೇಕು. ಎರಡು ಮಿಲಿಮೀಟರ್ ತಾನೇ ಎಂದು ಬಿಟ್ಟರೆ 400 ಮಿ.ಮೀ. ಫಲಕದಲ್ಲಿ ನಾಲ್ಕು ಕಡಿಮೆಯಾಗಿ, ಒಂದೇ ಅಕ್ಷ ತಪ್ಪಿದ್ದಾಗ ತಿರುಗಿಸಿ ಕತ್ತರಿಸಿದ ಕಂಬವು ಅದರ ಸ್ಲಾಟಿಗೆ ಕೂರುವುದಿಲ್ಲ. ಬೆಲ್ಟ್ ಸಡಿಲವಿದ್ದರೆ ಮೊದಲು ಅದನ್ನು ಬಿಗಿ ಮಾಡಿ, ಸಂಖ್ಯೆ ಆಮೇಲೆ. ಸಡಿಲ ಬೆಲ್ಟಿನ ಮೇಲೆ ಲೆಕ್ಕ ಕೂರಿಸಿದರೆ ವಾರ ಕಳೆಯುವುದರೊಳಗೆ ಮತ್ತೆ ಅಳೆಯಬೇಕಾಗುತ್ತದೆ.

ಈ ಪರೀಕ್ಷೆಗಳನ್ನೆಲ್ಲ ರಟ್ಟಿನ ಮೇಲೆ ಕಡಿಮೆ ಶಕ್ತಿಯಲ್ಲಿ, ಸರಿಯಾದ ಕನ್ನಡಕ ಹಾಕಿಕೊಂಡು ಮಾಡಬೇಕು. ನೀಲಿ ಡಯೋಡಿನ ಬೆಳಕು 450 ನ್ಯಾನೋಮೀಟರ್ ಆಸುಪಾಸಿನದು, ಸಿಒ2ದು 10,600; ಒಂದರ ಕನ್ನಡಕ ಇನ್ನೊಂದಕ್ಕೂ ಆಗುತ್ತದೆಂದು ಭಾವಿಸಬೇಡಿ.

ಎಲ್ಲ ಸರಿಹೋದ ಮೇಲೆ ಡಿವೈಸಸ್ ಕಿಟಕಿಯಿಂದ ಎಕ್ಸ್‌ಪೋರ್ಟ್ ಮಾಡಿ ಒಂದು ಫೈಲ್ ಉಳಿಸಿಕೊಳ್ಳುತ್ತೀರಿ. ಅದರಲ್ಲಿರುವುದು ಸಾಫ್ಟ್‌ವೇರಿನ ಪಾಲಿನ ಸಂಖ್ಯೆಗಳು ಮಾತ್ರ. $30, $32, $100 ಇರುವುದು ಬೋರ್ಡಿನಲ್ಲಿ. ಬೋರ್ಡ್ ಬದಲಿಸಿದರೆ ಅವೂ ಹೋದಂತೆ, ಫರ್ಮ್‌ವೇರ್ ಹೊಸದಾಗಿ ಹಾಕಿದಾಗಲೂ ಅಳಿಸಿಹೋಗಬಹುದು. ಹಾಗಾಗಿ ಆ ಪಟ್ಟಿಯನ್ನು ತಾರೀಕು ಹಾಕಿ ಮುದ್ರಿಸಿ, ಮುಚ್ಚಳದ ಒಳಮೈಗೆ ಅಂಟಿಸಿ ಬರುತ್ತೇನೆ; ಇಂಡಿಯ ಹುಡುಗ ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿದ್ದಾನೆ, ಹೊಗೆಗೆ ಕಾಗದ ಕಂದಾಗಿ ಅಂಕೆಗಳು ಕಾಣದಂತಾಗುತ್ತವೆಂದು.